ತೋಳಿಗೆ ಮೆತ್ತಿದ ಅನ್ನ

ಚಾಮರಾಜಪೇಟೆ
ಭಾನುವಾರ ಮಧ್ಯಾಹ್ನ

ಮಗಳೇ ಪ್ರತಿಭಾ,

ನೀನು ಹೇಗಿದ್ದೀಯ ಎಂದು ಮೊದಲೇ ಕೇಳಲು ಧೈರ್ಯ ಸಾಲದು. ಹಾಗಾಗಿ ಉಳಿದವರಿಂದ ಶುರುಮಾಡುತ್ತೇನೆ. ನಿಮ್ಮತ್ತೆ ಪಿಳ್ಳಮ್ಮನವರ ಮಂಡಿನೋವು ಇಳಿಯಿತೇ? ನಿನ್ನ ಮಗಳು ಬಿಂದುಶ್ರೀಯ ಕೆಮ್ಮು ಬಿಟ್ಟಿತೇ? ನಿನ್ನ ಗಂಡ ಸ್ವರೂಪ್ ನಿನ್ನೆ ಬಂದಿದ್ದರು, ಸೊರಗಿದ್ದಾರೆ. ಇಲ್ಲಿ ನಿನ್ನ ದೊಡ್ಡಮ್ಮ ವಿಶಾಲಮ್ಮನಿಗೆ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ಬಾಯಿ ಮಾತ್ರ ಇಲ್ಲ. ನನಗೆ ನಾಲ್ಕು ಸಾಲು ಬರೆದರೆ ಬೆನ್ನು ಹಿಡಿಯುತ್ತದೆ, ಸ್ವಲ್ಪ ಒರಗಿಕೊಂಡು ಮತ್ತೆ ಬರೆಯುತ್ತಿದ್ದೇನೆ.

ನಾಲ್ಕು ವಾರದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತಬೇಕಾಗಿಯೂ ಇಲ್ಲ. ನಿಮ್ಮಪ್ಪನ ತಿಥಿಯ ದಿನ ನೀನು ಪಾಯಸ ಬಡಿಸುತ್ತಿದ್ದಾಗ ನಮ್ಮ ಬೀದಿಯ ಮುನಿಯಮ್ಮ, "ಏನಮ್ಮಿ, ಇವತ್ತು ಸ್ಕೂಲಿಗೆ ಚಕ್ಕರ್ರಾ?" ಎಂದಳು. ನೀನು ಬಾಯಿ ತೆರೆಯುವಷ್ಟರಲ್ಲಿ ನಾನು ನುಗ್ಗಿ, "ರಜಾ ಹಾಕವ್ಳೆ ಬಿಡು" ಎಂದೆ. ನೀನು ಸೌಟನ್ನು ಪಾತ್ರೆಯಲ್ಲಿಟ್ಟು, ಊಟ ಕೂಡ ಮಾಡದೆ ಹೊರಟೆ. ಹನ್ನೆರಡು ವರ್ಷ ಆ ಶಾಲೆಯ ಆಫೀಸಿನಲ್ಲಿ ದುಡಿದವಳು ನೀನು. ಎರಡು ಶಾಖೆ ಸೇರಿಸಿ ಒಂದು ಮಾಡಿ ನಿನ್ನನ್ನು ಕೆಲಸದಿಂದ ತೆಗೆದದ್ದು ಅವರು. ಅದನ್ನು ಮುಚ್ಚಿಡಬೇಕಾದ ಸಂಗತಿ ಮಾಡಿದವನು ನಾನು. ನಿನ್ನ ಮಾನ ಉಳಿಸಿದೆ ಎಂದುಕೊಂಡಿದ್ದೆ.

ನಿನಗೆ ಒಂದು ವಿಷಯ ಹೇಳಬೇಕು. ನಿಮ್ಮಪ್ಪನಿಗೂ ಹೇಳಿರಲಿಲ್ಲ.

ನೀನಿನ್ನೂ ಲಂಗ ತೊಡುತ್ತಿದ್ದ ಕಾಲ. ನಾನು ಪುಸ್ತಕ ಬೈಂಡ್ ಮಾಡುತ್ತಿದ್ದ ಪ್ರೆಸ್ ಒಂದು ಸೋಮವಾರ ಬಾಗಿಲು ಹಾಕಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಬೈಂಡಿಗೆ ಬಂದ ಪುಸ್ತಕಗಳನ್ನೇ ಓದಿ ಅಕ್ಷರ ಕಲಿತವನಿಗೆ ಆ ಪ್ರೆಸ್ಸೇ ಎಲ್ಲ. ಮನೆಯಲ್ಲಿ ಹೇಳಲಿಲ್ಲ. ದಿನಾ ಎಂಟೂವರೆಗೆ ಊಟದ ಡಬ್ಬಿ ಹಿಡಿದು ಹೊರಟು, ಮಾವಳ್ಳಿ ಕಡೆಯಿಂದ ಲಾಲ್‌ಬಾಗ್ ಒಳಗೆ ಹೋಗಿ ಒಂದು ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ಗಂಟೆಗೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದೆ. ಹಸಿವಿರಲಿಲ್ಲ, ಪ್ರೆಸ್ಸಿನಲ್ಲಿ ಊಟದ ಹೊತ್ತು ಅದು, ಅಷ್ಟೆ.

ಒಂದು ಭಯವಿತ್ತು. ಬೈಂಡರ್‌ನ ಶರ್ಟಿನ ತೋಳಿಗೆ ಮೈದಾ ಅಂಟು ಮೆತ್ತಿಕೊಳ್ಳದ ದಿನವಿಲ್ಲ. ಅದನ್ನು ನೆನೆಸಿ ಉಜ್ಜುವುದೇ ನಿನ್ನ ದೊಡ್ಡಮ್ಮನ ಸಂಜೆಯ ಕೆಲಸ. ತೋಳು ಶುಭ್ರವಾಗಿದ್ದರೆ ಸಿಕ್ಕಿಬೀಳುತ್ತೇನಲ್ಲ? ಅದಕ್ಕೆ ಡಬ್ಬಿಯ ಅನ್ನವನ್ನೇ ನಾಲ್ಕು ಅಗುಳು ಹಿಸುಕಿ ತೋಳಿಗೆ ಮೆತ್ತಿಕೊಂಡು ಒಣಗಿಸುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಅವಳೂ ದಿನಾ ಉಜ್ಜಿದಳು. ಅಷ್ಟರಲ್ಲಿ ರಾತ್ರಿ ನಿದ್ದೆಯೇ ಬಾರದಂತಾಗಿತ್ತು. ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದೆ ಹೆಜ್ಜೆ ಜೋರು ಮಾಡುತ್ತಿದ್ದೆ. ಆ ಬೆಂಚಿನಿಂದ ಎದ್ದು ಮನೆಗೆ ಹೋಗದಿದ್ದರೆ ಏನಾಗುತ್ತದೆ ಎಂದು ಯೋಚಿಸಿದ ದಿನವೂ ಇದೆ, ಮಗಳೇ. ನಾನಿಲ್ಲದಿದ್ದರೆ ಇವರಿಗೇ ಹಗುರ ಎಂದು ಆಗ ನಿಜವಾಗಿಯೂ ಅನ್ನಿಸಿತ್ತು.

ಒಂದು ಸಂಜೆ ಅವಳು ಬಕೆಟ್ ಮುಂದೆ ಕೂತು, ತಲೆ ಎತ್ತದೆ, "ಮೈದಾ ಅಂಟಿಗೆ ಸಾರಿನ ವಾಸ್ನೆ ಇರಲ್ಲ ಕಣ್ರೀ" ಎಂದಳು. ಮೊದಲ ವಾರದಿಂದಲೇ ಗೊತ್ತಿತ್ತಂತೆ. ನಾನಾಗಿ ಹೇಳಲಿ ಎಂದು ಕಾದಳಂತೆ. "ಕಾದಿದ್ದು ನನ್ ತಪ್ಪು" ಎಂದು ಇವತ್ತಿಗೂ ಹೇಳುತ್ತಾಳೆ. ನಾನು ನೆಲದ ಮೇಲೆ ಕೂತು ಅತ್ತೆ. ಮರುದಿನ ಅವಳು ನನ್ನನ್ನು ನಿಮ್ಹಾನ್ಸ್‌ಗೆ ಹೊರಡಿಸಿದಳು. ಪಕ್ಕದ ಮನೆಯ ವೆಂಕಟಪ್ಪ, "ಎಲ್ಲಿಗೆ ಸವಾರಿ?" ಎಂದಾಗ ನಾನು ಸುಳ್ಳು ಹುಡುಕುತ್ತಿದ್ದೆ. ಅವಳು, "ಇವ್ರಿಗೆ ಮನಸ್ಸು ಸರಿಯಿಲ್ಲ, ಡಾಕ್ಟ್ರಿಗೆ ತೋರಿಸ್ಕೊಂಡ್ ಬರ್ತೀವಿ" ಎಂದುಬಿಟ್ಟಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಗುಳಿಗೆ ನುಂಗಿದೆ, ಡಾಕ್ಟರ ಮುಂದೆ ಮಾತಾಡಿದೆ. ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲು ನಿದ್ದೆ ಬಂತು. ಕೆಲಸ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ.

ಇಷ್ಟೆಲ್ಲ ಗೊತ್ತಿದ್ದವನೇ ತಿಥಿಯ ದಿನ ನಿನ್ನ ತೋಳಿಗೂ ಅನ್ನ ಮೆತ್ತಿದೆ. ಅದನ್ನು ತೊಳೆಯಲು ಮೊನ್ನೆ ಮುನಿಯಮ್ಮನ ಮನೆಗೆ ಹೋಗಿ, "ಪ್ರತಿಭಾಗೆ ಕೆಲ್ಸ ಹೋಗೈತೆ, ನಾನು ಅವತ್ತು ಸುಳ್ಳು ಹೇಳ್ದೆ" ಎಂದೆ. ಅವಳು, "ಅಯ್ಯೋ, ಅದಕ್ಕಾ ಮಗು ಉಣ್ದೆ ಹೋಗಿದ್ದು!" ಎಂದು ನನಗೇ ಬೈದಳು.

ನೀನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತೀಯಂತೆ. "ನಾನಿಲ್ಲದಿದ್ದರೆ ಇವರಿಗೇ ಹಗುರ" ಎಂದೆಯಂತೆ. ನನ್ನದೇ ಮಾತು ಸ್ವರೂಪ್ ಬಾಯಲ್ಲಿ ಕೇಳಿ ಕಾಫಿ ಲೋಟ ಕೆಳಗಿಟ್ಟು ಈ ಕಾಗದಕ್ಕೆ ಹಾಳೆ ಹುಡುಕಿದೆ. ಅದು ಸುಳ್ಳು ಲೆಕ್ಕ ಮಗಳೇ, ದಣಿದ ತಲೆ ಹಾಕುವ ಲೆಕ್ಕ. ಅದೇ ಮಾತನ್ನು ಹಾಗೇ ಡಾಕ್ಟರಿಗೆ ಹೇಳು. ಅಲ್ಲಿಯವರೆಗೆ ನಿನ್ನನ್ನು ಒಂಟಿಯಾಗಿ ಬಿಡಬೇಡಿ ಎಂದು ಸ್ವರೂಪ್‌ಗೆ ಹೇಳಿದ್ದೇನೆ, ಕೋಪ ಮಾಡಿಕೊಳ್ಳಬೇಡ. ನಾಡಿದ್ದು ಮಂಗಳವಾರ ಹತ್ತು ಗಂಟೆಗೆ ಡಾಕ್ಟರು ಬರಹೇಳಿದ್ದಾರಂತೆ, ನೀನು ಒಲ್ಲೆ ಎಂದೆಯಂತೆ. ಒಂಬತ್ತಕ್ಕೆ ನಾನು ಮಲ್ಲೇಶ್ವರಂನ ನಿಮ್ಮ ಮನೆಗೆ ಬರುತ್ತೇನೆ. ಬುದ್ಧಿ ಹೇಳುವುದಿಲ್ಲ. ತಲೆ ಬಾಚದಿದ್ದರೂ ಸರಿ, ಹಾಗೇ ಆಟೋ ಹತ್ತು.

ಸಂಜೆ ಸ್ವರೂಪ್ ಈ ಕಾಗದ ಒಯ್ಯಲು ಬರುತ್ತಾರೆ. ಒಳಗೆ ಒಂದು ಖಾಲಿ ಹಾಳೆ ಮಡಚಿಟ್ಟಿದ್ದೇನೆ. "ಬನ್ನಿ" ಎಂದು ಬರೆದು ನಾಳೆ ಅವರ ಕೈಯಲ್ಲೇ ಕಳಿಸು. ಬೈದು ಬರೆದರೂ ಬರುತ್ತೇನೆ. ಆದರೂ ನಿನ್ನ ಕೈಬರಹ ನೋಡಬೇಕು, ಬೇಗ ಬರಿ.

ನಿನಗೆ ಕಣ್ತುಂಬ ನಿದ್ದೆ ಬರಲಿ ಎಂದು ಹರಸುವ,
ನಿನ್ನ ದೊಡ್ಡಪ್ಪ
ಆಂಜಿನಯ್ಯ