ನನ್ನ ಪಾಲಿನ ಇಪ್ಪತ್ತು ನಿಮಿಷ

ಡಿಸೆಂಬರ್ ೨೫

ಇನ್ನೂ ಹೊಟ್ಟೆ ಉರೀತಿದೆ. ಪರದೇಶಕ್ಕೆ ಸುವಾರ್ತೆ ಸಾರೋ ಸೇವೆಗೆ ಬಂದ ನಮ್ಮಂಥವರಿಗೆ ಮನೆಗೆ ಫೋನ್ ಮಾಡೋಕೆ ಬಿಡೋದು ಕ್ರಿಸ್‌ಮಸ್ ದಿನ ಮಾತ್ರ. ಅದೂ ಚರ್ಚಿನ ಫೋನಿನಲ್ಲಿ, ಇಬ್ಬರಿಗೂ ಸೇರಿ ನಲವತ್ತು ನಿಮಿಷ. ನನ್ನ ಜೊತೆಗಾರ ಒಂದು ವರ್ಷ ಹಿರಿಯ ಅಂತ ಮೊದಲು ಕೂತ. ಮದುವೆಯಾಗಲಿರೋ ಹುಡುಗಿ ಜೊತೆ ಮೂವತ್ತೇಳು ನಿಮಿಷ ಹಲ್ಲು ಕಿರಿದ. ಅಮ್ಮ "ಸಣ್ಣಗಾಗಿದೀಯೇನೋ, ದನೀಲೇ ಗೊತ್ತಾಗುತ್ತೆ" ಅನ್ನೋಷ್ಟರಲ್ಲಿ ಪಾಸ್ಟರ್ ಗಡಿಯಾರ ತೋರಿಸಿದರು.

"ದೇವರ ಚಿತ್ತ, ಬ್ರದರ್" ಅಂತ ಅವನು ನನ್ನ ಬೆನ್ನು ತಟ್ಟಿದ.

ಸಂಜೆ ಪಾಸ್ಟರ್ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋ ಸರದಿ ನನ್ನದು. ಒಬ್ಬರು ಪ್ರಾರ್ಥಿಸುವಾಗ ಉಳಿದವರು ನಡುವೆ ಬಾಯಿ ಹಾಕೋ ಹಾಗಿಲ್ಲ, ಕೊನೆಗೆ ಆಮೆನ್ ಅನ್ನಬೇಕು. ಸಾವಕಾಶವಾಗಿ ಶುರು ಮಾಡಿದೆ. "ತಂದೆಯೇ, ತಮ್ಮನ ಪಾಲನ್ನೂ ನುಂಗಿದ ಈ ನನ್ನ ಅಣ್ಣನನ್ನು ಕ್ಷಮಿಸು. ನಾನೊಬ್ಬನೇ ಮನೆ ಮನೆ ಬಾಗಿಲು ತಟ್ಟುವಾಗ ಹೊದ್ದು ಮಲಗುವ ಅವನ ದಣಿವನ್ನು ನೀಗಿಸು." ಒಂದು ಕಣ್ಣು ತೆರೆದು ನೋಡಿದೆ. ಅವನ ಕಿವಿ ಕೆಂಪಾಗಿತ್ತು. ಊಟ ತಣ್ಣಗಾಗೋವರೆಗೂ ಬಿಡಲಿಲ್ಲ.

ಅವನೂ ಆಮೆನ್ ಅಂದ. ಅನ್ನಲೇಬೇಕಲ್ಲ. ಈ ದೇಶಕ್ಕೆ ಬಂದ ಮೇಲೆ ನಾನು ಇಷ್ಟು ಮನಸಾರೆ ಪ್ರಾರ್ಥನೆ ಮಾಡಿದ್ದೇ ಇಲ್ಲ.

ಈಗಷ್ಟೇ ಪಕ್ಕದ ಮಂಚದಿಂದ ಮೆಲ್ಲಗೆ ಕೇಳಿದ: "ನಾಳೆ ಸರದಿ ನನ್ನದಲ್ವಾ, ಬ್ರದರ್?"

ಹೋದ ವಾರ ನಾನು ಕರಪತ್ರಗಳನ್ನು ಹಂಚದೆ, ಇಡೀ ಕಟ್ಟನ್ನೇ ಕಸದ ಡಬ್ಬಿಗೆ ಹಾಕಿದ್ದನ್ನು ನೋಡಿದವನು ಅವನೊಬ್ಬನೇ. ಬೆಳಗ್ಗೆ ಬೇಗ ಎದ್ದು ಅವನಿಗೆ ಕಾಫಿ ಮಾಡಿ ಕೊಡಬೇಕು.