ಸಕ್ಕರೆಯ ಕಾಲು, ಲಿಯಾಕತ್‌ನ ಚೀಲ

ಗುಂಡ್ಲುಪೇಟೆ
೧೪-೫-೨೦೦೯, ಗುರುವಾರ

ಚಿ. ಸೌ. ನಯನಾಳಿಗೆ,

ಅಪ್ಪನ ಆಶೀರ್ವಾದ. ನಾವಿಲ್ಲಿ ಕ್ಷೇಮ. ನೀನೂ, ಅಳಿಯಂದಿರು ರಾಜಶೇಖರ್ ಅವರೂ, ನಿಮ್ಮತ್ತೆಯವರೂ ಚಾಮರಾಜನಗರದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಮೂರು ವಾರ ತಳ್ಳಿದೆ, ತಪ್ಪು ನನ್ನದು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಎಲ್ಲಾ ಚೆನ್ನಾಗದೆ ಬುಡವ್ವ" ಎಂದು ಇಟ್ಟುಬಿಟ್ಟೆ. ನಿಮ್ಮ ಮನೆಯ ಫೋನು ನಡುಮನೆಯಲ್ಲಿದೆ. ನಾನು ಮಾತು ಶುರುಮಾಡಿದ ಕೂಡಲೇ ನಿಮ್ಮತ್ತೆ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ, ಅದು ಇಲ್ಲಿಯವರೆಗೂ ಗೊತ್ತಾಗುತ್ತದೆ. ಈ ಕಾಗದವನ್ನು ಒಬ್ಬಳೇ ಇರುವಾಗ ಓದು. ಗೋಂದು ಎರಡು ಸಲ ಹಚ್ಚಿದ್ದೇನೆ. ಯಾರಾದರೂ ಬಿಚ್ಚಿ ಅಂಟಿಸಿದ ಹಾಗೆ ಕಂಡರೆ ತಿಳಿಸು.

ಮೊದಲು ನಿನಗೆ ಬೇಕಾದ ಸುದ್ದಿ. ಸಕ್ಕರೆ, ಬೆಲ್ಲ ಎರಡೂ ಬದುಕಿವೆ. ಆಕ್ಸೊಲಾಟಲ್ ಎನ್ನುವ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಬೀದಿಯವರು "ಕಾಲಿರೋ ಮೀನು" ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ನಿಮ್ಮತ್ತೆ "ಹಲ್ಲಿ ಥರ ಇರೋದ್ನ ಮನೆ ಒಳಕ್ಕೆ ಬುಟ್ಕಳಲ್ಲ" ಎಂದಾಗ ನೀನು ಅವನ್ನು ನನ್ನ ಕೈಗೆ ಒಪ್ಪಿಸಿ, ಮದುವೆ ಸೀರೆಯಲ್ಲೇ ಗಾಜಿನ ತೊಟ್ಟಿಯ ಮುಂದೆ ನಿಂತು ಅತ್ತುಬಿಟ್ಟೆ. ಅಪ್ಪ ಅಮ್ಮನನ್ನು ಬಿಟ್ಟುಹೋಗುವುದಕ್ಕೆ ಅಷ್ಟು ಅಳಲಿಲ್ಲವಲ್ಲ ಎಂದು ಆಗಲೇ ನನಗೆ ಅನ್ನಿಸಿತ್ತು. ಇರಲಿ.

ನೀನು ಬರೆದು ಗೋಡೆಗೆ ಅಂಟಿಸಿದ ಪಟ್ಟಿಯನ್ನು ಅಕ್ಷರ ತಪ್ಪದೆ ಪಾಲಿಸಿದೆ. ನಲ್ಲಿ ನೀರನ್ನು ಒಂದು ದಿನ ಟಬ್ಬಿನಲ್ಲಿ ನಿಲ್ಲಿಸಿ, ಬ್ಲೀಚಿಂಗ್ ಪುಡಿಯ ವಾಸನೆ ಹೋದಮೇಲೆ ತೊಟ್ಟಿಗೆ ಸುರಿದೆ. ನುಂಗಿಬಿಡುತ್ತವೆಂದು ಒಂದು ಸಣ್ಣ ಕಲ್ಲನ್ನೂ ಒಳಗೆ ಬಿಡಲಿಲ್ಲ. ಅಡಗಿಕೊಳ್ಳಲು ಒಡೆದ ಮಡಕೆಯ ಅರ್ಧ ಇಟ್ಟೆ. ಬಿಸಿಲು ಬೀಳದಂತೆ ಕಿಟಕಿಗೆ ಗೋಣಿ ಕಟ್ಟಿದೆ. ಆಹಾರದ ವಿಷಯದಲ್ಲಿ ಮಾತ್ರ ಪಟ್ಟಿ ಬಿಟ್ಟೆ. ಅದಕ್ಕೆ ನೀನೇ ಕಾರಣ.

ಮೈಸೂರಿನಿಂದ ತಂದ ಆ ಕಾಳಿನ ಪೊಟ್ಟಣವನ್ನು "ಸೋಯಾದಲ್ಲಿ ಮಾಡಿದ್ದು ಕಣಪ್ಪಾ" ಎಂದು ನನಗೆ ಹೇಳಿದ್ದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಚೆಕಿಂಗ್ ಮಾಡಿದವನು ನಾನು. ಓಡುವ ಬಸ್ಸಿನಲ್ಲಿ, ಬೆವರಿಗೆ ನೆಂದ ಟಿಕೆಟಿನ ನಂಬರು ಓದಿದ ಕಣ್ಣಿದು. ಪೊಟ್ಟಣದ ಹಿಂದೆ ಇರುವೆಯಷ್ಟು ಸಣ್ಣ ಇಂಗ್ಲಿಷಿನಲ್ಲಿ ಮೀನಿನ ಪುಡಿ ಎಂದು ಬರೆದಿರುವುದನ್ನು ಒಂದು ದಿನ ಓದಿಬಿಟ್ಟೆ. ಲಿಂಗಪೂಜೆಯ ಕೋಣೆಯ ಪಕ್ಕದಲ್ಲಿ, ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ, ಇಷ್ಟು ದಿನ ಮೀನಿನ ಪುಡಿ! ಆವತ್ತೇ ಅದನ್ನು ಬೀದಿಗೆ ಎಸೆದೆ. ನಮ್ಮ ಮನೆಯಲ್ಲಿ ಇರುವವರು ನಮ್ಮ ಮನೆಯ ಊಟ ಮಾಡಲಿ ಎಂದು ಬೇಯಿಸಿದ ಬಟಾಣಿ, ಇಡ್ಲಿಯ ಚೂರು, ಮೆತ್ತಗಿನ ಅನ್ನ ಹಾಕತೊಡಗಿದೆ. ಬಾಯಿಗೆ ಎಳೆದುಕೊಂಡು ಉಗುಳುತ್ತಿದ್ದವು. ಸೊಕ್ಕು, ಹಸಿದರೆ ತಿನ್ನುತ್ತವೆ ಎಂದುಕೊಂಡೆ.

ಒಂಬತ್ತನೆಯ ದಿನ ಬೆಳಿಗ್ಗೆ ಸಕ್ಕರೆಯ ಎಡಗಡೆ ಮುಂಗಾಲು ಇರಲಿಲ್ಲ. ಮೊಣಕೈಯಿಂದ ಕೆಳಗೆ ಖಾಲಿ. ಎರಡು ದಿನ ಬಿಟ್ಟು ಬೆಲ್ಲದ ಕಿವಿರಿನ ಕುಚ್ಚು ಒಂದು ಮಾಯ. ಆಮೇಲೆ ಮತ್ತೆ ಸಕ್ಕರೆಯದೇ, ಹಿಂಗಾಲಿನ ಪಾದ. ನಯನಾ, ನೀನು ಬಂದು ಕೇಳಿದರೆ ಏನು ಹೇಳಲಿ? ಎರಡು ಜೀವ ಕೊಟ್ಟು ಹೋಗಿದ್ದೆ, ತುಂಡು ತುಂಡು ವಾಪಸು ಕೊಡಲೇ?

ಬೆಕ್ಕು ಎನ್ನೋಣವೆಂದರೆ ತೊಟ್ಟಿಗೆ ಜಾಲರಿಯ ಮುಚ್ಚಳವಿದೆ, ಅದು ಸರಿದಿರಲಿಲ್ಲ. ಹಾಗಾದರೆ ಮನುಷ್ಯರ ಕೈ. ಹಾಲಿನ ಚಿಕ್ಕನಿಂಗಮ್ಮ ಎರಡು ದಿನದಿಂದ ತೊಟ್ಟಿಯ ಕಡೆ ನೋಡದೆ ಹಾಲು ಅಳೆದು ಹೋಗುತ್ತಿದ್ದಳು. ಯಾಕೆ ನೋಡುವುದಿಲ್ಲ? ನೋಡಲಾರದಂಥದ್ದು ಏನು ಮಾಡಿದ್ದಾಳೆ? ಕೇಳಿದ್ದಕ್ಕೆ "ನಂಗೆ ಅದ್ನ ಕಂಡ್ರೆ ಮೈ ಜುಂ ಅಂತದೆ ಕಣ್ ಬುದ್ಧಿ" ಎಂದಳು. ಇಂಥ ಉತ್ತರಗಳನ್ನು ನಾನು ಬಸ್ಸಿನಲ್ಲಿ ಸಾವಿರ ಕೇಳಿದ್ದೇನೆ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಮಹದೇವಯ್ಯ ನನ್ನ ತಲೆಗೆ ಇನ್ನೊಂದು ಹುಳ ಬಿಟ್ಟ. "ಎರಡ್ ತಲೆ ಆವಿಗೇ ಲಕ್ಷಗಟ್ಲೆ ಕೊಟ್ಟು ತಕ್ಕೊಂಡ್ ಓಗ್ತಾರೆ ಸಾರ್. ಕಾಲಿರೋ ಮೀನ್ಗೆ ಬುಟ್ಟಾರಾ? ಕಾಲು ಕುಯ್ದ್ರೆ ಮತ್ತೆ ಬೆಳೀತದಂತೆ. ಬೆಳಿಯೋ ಗಿಡ್ದಲ್ಲಿ ಸೊಪ್ಪು ಕುಯ್ಯಕಿಲ್ವಾ, ಅಂಗೆ ಯಾರೋ ನಿಮ್ಮನೇಲೇ ಕುಯ್ತಾವ್ರೆ" ಎಂದ. ನಗಬೇಕಾಗಿತ್ತು. ನಾನು ನಗಲಿಲ್ಲ. ಮನೆಗೆ ಬಂದು ಡೈರಿ ತೆಗೆದೆ.

ಹಾಲಿನವಳನ್ನು ಬಿಟ್ಟರೆ ನಮ್ಮ ಮನೆಗೆ ದಿನಾ ಬರುವವರು ಎಷ್ಟು ಜನ? ಒಬ್ಬನೇ. ಎದುರು ಮನೆಯ ಲಿಯಾಕತ್ ಅಲಿ.

ನಿನ್ನ ಗೆಳತಿ ನಾಜ್ನೀನಳ ಅಪ್ಪನನ್ನು, ಆ ತೊಟ್ಟಿಯನ್ನು ತನ್ನ ಗಾಜಿನಂಗಡಿಯಲ್ಲಿ ಕೈಯಾರೆ ಅಂಟಿಸಿ ಹೊತ್ತುತಂದವನನ್ನು, ನನ್ನನ್ನು ಈ ಊರಿನಲ್ಲಿ "ಲಾ" ಎಂದು ಕರೆಯುವ ಒಬ್ಬನೇ ಮನುಷ್ಯನನ್ನು ಅಪ್ಪ ಹೇಗೆ ಅನುಮಾನಿಸಿದ ಎಂದು ನೀನು ಕೇಳಬಹುದು. ಚೆಕಿಂಗಿನಲ್ಲಿ ನಾವು ಕಲಿತದ್ದೇ ಅದು. ನಗುನಗುತ್ತಾ ಮಾತಾಡಿಸುವ ಕಂಡಕ್ಟರನ ಚೀಲವನ್ನೇ ಮೊದಲು ನೋಡು ಎನ್ನುತ್ತಿದ್ದರು. ನಾನು ಸಂಜೆ ನಾಲ್ಕಕ್ಕೆ ಬಸ್ ಸ್ಟ್ಯಾಂಡಿಗೆ ಹೋದಮೇಲೆ ಅವನು ಬರುತ್ತಿದ್ದ, ನಾನು ವಾಪಸು ಬರುವುದರೊಳಗೆ ಹೋಗಿರುತ್ತಿದ್ದ, ಓಣಿಯ ತಿರುವಿನಲ್ಲಿ ನಿಂತು ನೋಡಿದ್ದೇನೆ. ಮೊದಲೆಲ್ಲ ನಾನಿದ್ದಾಗ ಬರುತ್ತಿದ್ದವನು ಈಗ ಯಾಕೆ ಹೀಗೆ? ಹೆಗಲಿಗೆ ಹೊಸದಾಗಿ ಒಂದು ಚೀಲ. ತೊಟ್ಟಿಯ ತಳದಲ್ಲಿ ಮಣ್ಣಿನ ಕಣ. ಮುಚ್ಚಳಕ್ಕೂ ಗಾಜಿಗೂ ಸೇರಿಸಿ ನಾನು ಎಳೆದಿದ್ದ ಸ್ಕೆಚ್‌ಪೆನ್ನಿನ ಗೆರೆ ದಿನಾ ಒಂದು ಕೂದಲಷ್ಟು ತಪ್ಪಿರುತ್ತಿತ್ತು. ನಿನ್ನ ಅಮ್ಮನನ್ನು ಕೇಳಿದರೆ "ಯಾರೂ ಬಂದಿಲ್ವಲ್ಲ" ಎಂದಳು. ನಿಮ್ಮಮ್ಮ ಚಿಕ್ಕಮಲ್ಲಮ್ಮನವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಸೆರಗಿನ ತುದಿ ಹಿಡಿದು ತಿರುವುತ್ತಾಳೆ. ಆವತ್ತು ತಿರುವಿದಳು. ಅವಳ ಮೇಲೂ ನನಗೆ ಅನುಮಾನ ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಕಳೆದ ತಿಂಗಳು ಇಪ್ಪತ್ತೊಂದರಂದು ಚೆಕಿಂಗ್ ಹಾಕಿದೆ. ತೆರಕಣಾಂಬಿಗೆ ಹೋಗಿ ನನ್ನ ಸರ್ವೀಸಿನ ಗೆಳೆಯ ಚಿಕ್ಕಮಲ್ಲಪ್ಪನನ್ನು ನೋಡಿಕೊಂಡು ಸಂಜೆ ತಡವಾಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಲಿಯಾಕತ್‌ನ ಅಂಗಡಿಯ ಮುಂದೆ, ಅವನಿಗೆ ಕಾಣುವ ಹಾಗೆ ಬಸ್ಸು ಹತ್ತಿದೆ. ಅವನು ಕೈಬೀಸಿ "ಉಸಾರಾಗ್ ಓಗ್ಬಾ ಕಣ್ಲಾ, ಬಿಸ್ಲು" ಎಂದ. ಮುಂದಿನ ಸ್ಟಾಪಿನಲ್ಲಿ ಇಳಿದೆ. ಹಿಂದಿನ ಓಣಿಯಿಂದ ನಡೆದು ಬಂದು ಹಿತ್ತಲ ಬಾಗಿಲಲ್ಲಿ ಒಳಗೆ ಹೋದೆ. ಸರ್ವೀಸಿನಲ್ಲಿದ್ದಾಗಿನ ಹುರುಪು ಬಂದಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಲಿಯಾಕತ್ ತೊಟ್ಟಿಯ ಮುಂದೆ ಜುಬ್ಬದ ತೋಳು ಮಡಚಿ ನಿಂತಿದ್ದ. ಕೈ ನೀರಿನಲ್ಲಿತ್ತು. ನಾನು ಹಿಂದಿನಿಂದ "ಚೀಲ ತೆಗಿ" ಎಂದೆ. ಮೊದಲು ತಮಾಷೆ ಎಂದುಕೊಂಡು ನಕ್ಕ. "ಏನ್ಲಾ ಇದು, ನನ್ ಟಿಕೆಟ್ ಕೇಳ್ತೀಯಾ?" ಎಂದ. ನಾನು ಚೀಲಕ್ಕೆ ಕೈಹಾಕಿ ಎಳೆದೆ. ಚಿಕ್ಕನಿಂಗಮ್ಮ ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿದ್ದಳು, ಅಡುಗೆಮನೆಯಿಂದ ನಿನ್ನ ಅಮ್ಮ ಓಡಿಬಂದಳು. ಇಬ್ಬರ ಮುಂದೆಯೂ ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟೆ. ಟವೆಲಿನಲ್ಲಿ ಸುತ್ತಿದ ಒಂದು ಐಸಿನ ಬಾಟಲಿ. ಒಂದು ಡಬ್ಬಿ. ಒಂದು ಪುಟ್ಟ ಕತ್ತರಿ.

ಕತ್ತರಿ ಕಂಡದ್ದೇ ತಡ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಇದ್ರಲ್ಲೇ ಕುಯ್ತಿದ್ದೆಯಾ? ಎಷ್ಟಕ್ ಮಾರ್ದೆ? ನನ್ ಮಗಳ ಪ್ರಾಣಿ ಅದು! ಮನೆ ಒಳಕ್ ಬುಟ್ಕೊಂಡಿದ್ದೇ ತಪ್ಪಾಯ್ತು" ಎಂದೆ. ಬೀದಿಗೆಲ್ಲ ಕೇಳುವಂತೆ ಎಂದೆ.

ಡಬ್ಬಿ ತೆಗೆದೆ. ಒದ್ದೆ ಮಣ್ಣಿನಲ್ಲಿ ಎರೆಹುಳ.

 ಲಿಯಾಕತ್ ತಾನೇ ಜುಬ್ಬದ ಎರಡೂ ಜೇಬು ಹೊರಗೆ ಎಳೆದು ತೋರಿಸಿದ. "ನೋಡ್ಕಳಿ ಸಾರ್. ಇದೂ ಒಂದು ಬಾಕಿ ಅದೆ, ಸರ್ಯಾಗ್ ನೋಡ್ಕಳಿ" ಎಂದ. ಸಾರ್ ಎಂದ, ನಯನಾ. ಅಂಗಳದ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡ, ದಿನಾ ಹಾಗೇ ತೊಳೆಯುತ್ತಿದ್ದನಂತೆ. ಚೀಲವನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಹೋದ.

ನಿನ್ನ ಅಮ್ಮ ಆಗ ಬಾಯಿಬಿಟ್ಟಳು. "ನಾನೇ ಕಣ್ರೀ ಬೇಡ್ಕಂಡಿದ್ದು. ಒಟ್ಟೆಗಿಲ್ದೆ ಒಂದರ ಕಾಲ ಒಂದು ಕಚ್ಕತಾವೆ ಅಂತ ನಾಜ್ನೀನು ಸೈಬರ್‌ನಲ್ಲಿ ನೋಡ್ಕಂಡ್ ಬಂದು ಏಳಿದ್ಲು. ನಿಮಗೇಳಿದ್ರೆ ಕೇಳೀರಾ? ನಂಗೆ ಹುಳ ಮುಟ್ಟಕಾಗಲ್ಲ. ಲಿಯಾಕತಣ್ಣ ತನ್ ಹಿತ್ಲಲ್ಲಿ ಅಗ್ದು, ತೊಳ್ದು, ಸಣ್ಣಕ್ಕೆ ಕತ್ತರ್ಸಿ ಆಕೋರು. ನಿಮ್ ಮಾತು ಮೀರ್ದಂಗೂ ಆಗ್ಬಾರ್ದು, ಮಗಿನ ಪ್ರಾಣಿ ಸಾಯ್ಲೂಬಾರ್ದು ಅಂತ ನೀವಿಲ್ದಾಗ ಬರೋರು" ಎಂದಳು. ಆವತ್ತಿನಿಂದ ಒಂದು ವಾರ ನನಗೆ ಊಟ ಬಡಿಸಿ ಹೊರಗೆ ಹೋಗಿ ಕೂರುತ್ತಿದ್ದಳು.

ಆಮೇಲೆ ಡೈರಿ ತಿರುವಿ ನೋಡಿದೆ. ಲಿಯಾಕತ್ ಬಂದ ಹೊತ್ತು, ಹೋದ ಹೊತ್ತು, ಗೆರೆ ತಪ್ಪಿದ್ದು, ಮಣ್ಣು ಕಂಡದ್ದು ಎಲ್ಲಾ ಬರೆದಿದ್ದೆ. ಹನ್ನೆರಡು ದಿನದಿಂದ ಒಂದು ಹೊಸ ಗಾಯವೂ ಆಗಿರಲಿಲ್ಲ. ಅದನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲ.

ಈಗ ಹುಳ ಅಗೆಯುವವನು ನಾನೇ. ಬಚ್ಚಲ ನೀರು ಹೋಗುವ ಬಾಳೆಗಿಡದ ಬುಡದಲ್ಲಿ ಬೇಕಾದಷ್ಟಿವೆ. ಮೊದಲ ದಿನ ಅಗೆದು ಬಂದು ಎರಡು ಸಲ ಸ್ನಾನ ಮಾಡಿದೆ, ಆಮೇಲೆ ಒಂದು ಸಲ, ಈಗ ಕೈ ತೊಳೆಯುತ್ತೇನೆ ಅಷ್ಟೆ. ಒಂದು ದಿನ ಬಿಟ್ಟು ಒಂದು ದಿನ ತಲಾ ಎರಡು ಹುಳ. ಸಕ್ಕರೆ ನನ್ನ ಬೆರಳಿನ ತುದಿಗೇ ಬಂದು ಬಾಯಿ ತೆರೆಯುತ್ತದೆ. ಅದರ ಮುಂಗಾಲು ಮತ್ತೆ ಬರುತ್ತಿದೆ, ಮೂರು ಬೆರಳು ಮೂಡಿವೆ. ಮಧ್ಯಾಹ್ನ ಕರೆಂಟು ಹೋದಾಗ ನೀರು ಬಿಸಿಯಾಗದಿರಲೆಂದು ಎದುರಿನ ಬೇಕರಿಯಿಂದ ಐಸು ತಂದು ಬಾಟಲಿಗೆ ತುಂಬಿ ತೇಲಿಬಿಡುತ್ತೇನೆ. ಬೇಕರಿಯವನು ಐಸಿಗೆ ಯಾವ ನೀರು ಹಾಕುತ್ತಾನೋ ಎಂಬ ಅನುಮಾನ ಇದ್ದೇ ಇದೆ.

ಎರಡನ್ನೂ ಬೇರೆ ಬೇರೆ ಇಡಲು ನಡುವೆ ಒಂದು ಗಾಜು ಬೇಕಾಗಿತ್ತು. ನಾಲ್ಕು ದಿನ ಹಿಂದೆಮುಂದೆ ನೋಡಿ ಅವನ ಅಂಗಡಿಗೇ ಹೋದೆ. ಅಳತೆ ಹೇಳಿದೆ. ಗಾಜು ತೆಗೆದು ಕತ್ತರಿಸಿದ. ಅಂಚುಗಳನ್ನೆಲ್ಲ ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದ. "ಅದರ ಚರ್ಮ ಬಲೇ ನಾಜೂಕು, ಕುಯ್ದ್‌ಬುಡ್ತದೆ" ಎಂದು ಗಾಜಿನ ಕಡೆ ನೋಡುತ್ತಲೇ ಹೇಳಿದ. ತಪ್ಪಾಯಿತು ಕಣ್ಲಾ ಎನ್ನಬೇಕೆಂದು ಮನೆಯಿಂದ ಹೊರಟಿದ್ದೆ. ಬಾಯಿಗೆ ಬಂದದ್ದು "ಟೀ ಕುಡಿಯನ ಬಾ" ಎಂದು. "ಕೆಲ್ಸ ಅದೆ ಸಾರ್" ಎಂದ. ಗಾಜು ಹಿಡಿದುಕೊಂಡು ಬಂದೆ.

ನೀನು ಇದನ್ನು ಓದಿ ಅವನಿಗೆ ಫೋನು ಮಾಡಲು ಹೋಗಬೇಡ. ಮೂವತ್ತು ವರ್ಷದ ಸ್ನೇಹ, ಇವತ್ತಲ್ಲ ನಾಳೆ ಸರಿಹೋಗುತ್ತದೆ. ನೀನು ಮೈ ನೋಡಿಕೋ, ಬಿಸಿಲಿಗೆ ಹೊರಗೆ ತಿರುಗಬೇಡ. ರಾಜಶೇಖರ್ ಅವರಿಗೆ ನನ್ನ ಆಶೀರ್ವಾದ ಹೇಳು, ನಿಮ್ಮತ್ತೆಯವರಿಗೆ ನಮಸ್ಕಾರ. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ಇತಿ ನಿನ್ನ ಅಪ್ಪ,
ಗಂಗಾಧರಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕೂತಿದ್ದೆ. ನಾಜ್ನೀನಳಿಗೆ ಮದುವೆ ಗೊತ್ತಾಗಿದೆ, ಜೂನ್ ಏಳು, ಭಾನುವಾರ. ಅವಳ ಅಣ್ಣ ಫಹೀಮನ ಮದುವೆಗೆ ಲಿಯಾಕತ್, ಅವನ ಹೆಂಡತಿ ರಹಮತ್ ಬಿ ಇಬ್ಬರೂ ತಟ್ಟೆಯಲ್ಲಿ ಹಣ್ಣು ಇಟ್ಟುಕೊಂಡು ನಮ್ಮ ಮನೆಗೇ ಮೊದಲು ಬಂದಿದ್ದರು. "ನಿಮ್ ಕಡೇರ ಅಡ್ಗೆಮನೆ ನಿನ್ ಜವಾಬ್ದಾರಿ ಕಣ್ಲಾ" ಎಂದು ಬೀಗದಕೈ ನನ್ನ ಕೈಗೆ ಕೊಟ್ಟಿದ್ದ. ನಮ್ಮವರ ಪಂಕ್ತಿಗೆ ಆವತ್ತು ನಾನೇ ನಿಂತು ಪಾಯಸ ಬಡಿಸಿದೆ. ಈ ಸಲದ ಕಾರ್ಡು ನಿನ್ನೆ ಬಂತು. ಅಂಚೆಯಲ್ಲಿ ಬಂತು, ನಯನಾ. ಎದುರು ಮನೆಯಿಂದ. ನಿನ್ನ ಅಮ್ಮ ಕಾರ್ಡು ನೋಡಿ ಹಿಗ್ಗಿ, "ಯಾರ್ ತಂದ್ಕೊಟ್ರು?" ಎಂದು ಕೇಳಿದಳು. "ಲಿಯಾಕತ್ತೇ ಬಂದಿದ್ದ, ನೀನು ಸ್ನಾನಕ್ಕೆ ಓಗಿದ್ದೆ" ಎಂದೆ. ಸ್ಟಾಂಪು ಹಚ್ಚಿದ ಕವರು ಇನ್ನೂ ನನ್ನ ಜೇಬಿನಲ್ಲೇ ಇದೆ.