ದೇವರು ಕ್ಷಮಿಸಿ ಆಯಿತಂತೆ

ಫಾದರ್ ಅವರಿಗೆ,

ಮೀನು ಮಾರುವ ಹರಿಣಾಕ್ಷಿಯ ನಮಸ್ಕಾರ.

ನಾನು ಬೆಂಡೋಲೆ ಕದ್ದೆನೆಂದು ನಿಮ್ಮ ಇಗರ್ಜಿಯ ಸೆಲೀನಮ್ಮ ಬೀದಿಯೆಲ್ಲ ಸಾರಿದ್ದರು. ಮೊನ್ನೆ ಅದು ಅವರದೇ ದಿಂಬಿನ ಚೀಲದೊಳಗೆ ಸಿಕ್ಕಿತು. ನಿಮ್ಮಲ್ಲಿ ಪಾಪನಿವೇದನೆ ಮಾಡಿ ಬಂದವರೇ, "ಹ್ವಾಯ್, ದೇವ್ರೇ ಕ್ಷಮಿಸಿ ಆಯ್ತ್, ನಿಂಗೆಂತ ಸಿಟ್ಟ್?" ಎಂದು ನಕ್ಕರು.

ನನ್ನನ್ನು ಕೇಳದೆ ಕ್ಷಮಿಸಿದ್ದು ಹೇಗೆ? ನಿಮ್ಮ ಯೇಸು ಮೀನು ಹಿಡಿಯುವವರ ಜೊತೆಯಲ್ಲೇ ಉಂಡು ತಿರುಗಿದವರಂತೆ. ಅವರು ಹಾಗೆ ಮಾಡುವವರಲ್ಲ. ಆ ಬೀದಿಯವರು ಇವತ್ತಿಗೂ ನನ್ನ ಕೂಗು ಕೇಳಿದರೆ ಬಾಗಿಲು ಹಾಕುತ್ತಾರೆ.

ಸೆಲೀನಮ್ಮನಿಗೆ ಹೇಳಿ, ಜಪಮಾಲೆ ಎಣಿಸಿದ್ದು ಸಾಕು. ಒಂದು ಬೆಳಿಗ್ಗೆ ನನ್ನ ಜೊತೆ ಮನೆಮನೆಗೆ ಬರಲಿ. ನಾನು "ಮೀನು" ಎಂದು ಕೂಗುತ್ತೇನೆ, ಅವರು "ಇವಳು ಕಳ್ಳಿಯಲ್ಲ" ಎಂದು ಕೂಗಲಿ. ಕ್ಷಮಿಸುವ ವಿಷಯವನ್ನು ಆಮೇಲೆ ನಾನೂ ನಿಮ್ಮ ದೇವರೂ ಕೂತು ಮಾತಾಡಿಕೊಳ್ಳುತ್ತೇವೆ.

ಇತಿ,
ಕೋಡಿಯ ಹರಿಣಾಕ್ಷಿ